ಪಾಳಿಗೆ ಹಚ್ಚಿದ ಮೂರು ಜಾಬು

ನಮ್ಮ ಅಣ್ಣಿಗೇರಿಯಲ್ಲಿ ಖಾಸಗಿ ಎಂಬ ಶಬ್ದವನ್ನು ನಾನು ಕೇಳಿರುವುದು ಬಸ್ಸಿನ ಸಂಬಂಧದಲ್ಲಿ ಮಾತ್ರ. ಲಗ್ನಕ್ಕೆಂದು ಬಾಡಿಗೆ ಕೊಟ್ಟು ತಂದ ಬಸ್ಸು ಅದು. ಅದರಲ್ಲೂ ಬೀಗರು ಹತ್ತುವ ಮೊದಲೇ ಅರ್ಧ ಊರು ಹತ್ತಿ ಕೂತಿರುತ್ತದೆ. ಮಿಕ್ಕ ಯಾವುದಕ್ಕೂ ಆ ಶಬ್ದದ ಅಗತ್ಯ ನಮ್ಮವರಿಗೆ ಬಿದ್ದಂತಿಲ್ಲ. ಯಾರ ಮನೆಯ ಹಾಲು ಒಡೆಯಿತು, ಯಾರ ಸೊಸೆ ತವರಿಗೆ ಹೋಗುವಾಗ ಅಳುತ್ತ ಹೋದಳು, ಯಾವಳು ಅಳದೆ ಹೋದಳು, ಎಲ್ಲವೂ ಎಲ್ಲರದು. ಇಂಥ ಊರಿನಲ್ಲಿ ನಾನು ಹುಟ್ಟಿದೆ. ನನಗೋ ಚಿಕ್ಕಂದಿನಿಂದಲೂ ನನ್ನ ವಿಷಯ ನನ್ನಲ್ಲೇ ಇರಬೇಕೆಂಬ ಹಟ. ಶಾಲೆಯಲ್ಲಿ ಊಟದ ಡಬ್ಬಿಯ ಮುಚ್ಚಳವನ್ನು ಅರ್ಧವೇ ತೆರೆದು ಉಣ್ಣುತ್ತಿದ್ದೆ. ಜ್ವರ ಬಂದರೆ ಇಳಿದ ಮೇಲೆ ಮನೆಯಲ್ಲಿ ಹೇಳುತ್ತಿದ್ದೆ. "ಮಾಸ್ತರ ಮಗಳು ಮಾತೆಲ್ಲಾ ಒಯ್ದು ಬ್ಯಾಂಕಿನಾಗ ಇಟ್ಟಾಳ ನೋಡವಾ, ಬಡ್ಡಿ ಬೆಳೀಲಿ ಅಂತ" ಎಂದು ಬಾಜೂ ಮನೆಯ ಶಾಂತವ್ವ ನಗುತ್ತಿದ್ದಳು. ಅಂಥ ನನ್ನದೊಂದು ವಿಷಯ ಸಂತೆಯ ದಿನ, ನಡುಬಜಾರಿನಲ್ಲಿ, ಎತ್ತರದ ದನಿಯಲ್ಲಿ ಊರಿಗೆಲ್ಲ ಹಂಚಿಹೋಯಿತು. ನಡೆದ ವಿಷಯವಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ನಡೆದೇ ಇರಲಿಲ್ಲ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಆಗಷ್ಟೇ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಜೋಳದ ಇಳುವರಿ ವರ್ಷದಿಂದ ವರ್ಷಕ್ಕೆ ಏಕೆ ಹಾಗೆ ಏರಿಳಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕೈಯಿಂದ ಮಾಡಿದರೆ ಒಂದು ಜನ್ಮಕ್ಕೆ ಮುಗಿಯದಷ್ಟು ಲೆಕ್ಕ. ಅದಕ್ಕೆ ಧಾರವಾಡದಲ್ಲೊಂದು ಕಂಪ್ಯೂಟರ್ ಇತ್ತು. ಒಂದೇ ಇತ್ತು. ಒಂದು ಹಜಾರದ ತುಂಬ ಕಪಾಟುಗಳಂತೆ ನಿಂತುಕೊಂಡು, ತಂಪು ಹವೆ ಕುಡಿಯುತ್ತ, ಸುತ್ತಲಿನ ಸಂಶೋಧಕರಿಗೆಲ್ಲ ಅದೇ ಗತಿಯಾಗಿತ್ತು. ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ, ಕಟ್ಟಿಗೊಂದು ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಹೆಸರಿನ ಚೀಟಿ ಸಿಕ್ಕಿಸಿ ಕಿಟಕಿಯಲ್ಲಿ ಕೊಟ್ಟು ಬರಬೇಕು. ಆ ಒಂದು ಕಟ್ಟಿಗೆ 'ಜಾಬ್' ಎಂದು ಹೆಸರು. ಜಾಬ್ ಪಾಳಿಯಲ್ಲಿ ನಿಲ್ಲುತ್ತದೆ. ಮೊದಲು ಪಗಾರದ ಲೆಕ್ಕ, ಆಮೇಲೆ ಪರೀಕ್ಷೆಯ ಫಲಿತಾಂಶ, ಆಮೇಲೆ ದೊಡ್ಡ ಪ್ರೊಫೆಸರುಗಳು, ಆಮೇಲೆ ಸಣ್ಣ ಪ್ರೊಫೆಸರುಗಳು, ಅವರ ಪರಿಚಯದವರು. ಎಲ್ಲರದೂ ಮುಗಿದು ಯಂತ್ರಕ್ಕೆ ಬೇಸರ ಬಂದ ಮೇಲೆ ನಮ್ಮಂಥವರು. 

"ಅಲ್ಲಿ ಹೋಗಿ ಏನ ಮಾಡತೀ?" ಎಂದು ಅವ್ವ ಒಂದು ಸಲ ಕೇಳಿದಳು. ಇಷ್ಟನ್ನೂ ಹೇಳಿದೆ. ಅವಳಿಗೆ ತಕ್ಷಣ ತಿಳಿಯಿತು.

"ಗಿರಣಿಗೆ ಡಬ್ಬಿ ಇಟ್ಟು ಬಂದಂಗ ಅನ್ನು."

"ಹೌದು, ಹಂಗ."

"ಹಂಗಾದ್ರ ಇಟ್ಟು ಬರೂದ್ಯಾಕ? ಮುಂದ ನಿಂತು ಬೀಸಿಸಿಕೊಂಡು ಬರಬೇಕು. ಬಿಟ್ಟು ಬಂದ್ರ ನಮ್ಮ ಹಿಟ್ಟಿನಾಗ ಯಾರದೋ ಖಾರ ಕೂಡತೈತಿ."

ಅವ್ವ ಹೇಳಿದ್ದು ಸರಿ. ಆದರೆ ನನ್ನ ಪಾಳಿ ಬರುತ್ತಿದ್ದದ್ದು ಕತ್ತಲಾದ ಮೇಲೆ. ಅಷ್ಟರೊಳಗೆ ಹುಡುಗಿಯರು ಕೇಂದ್ರ ಬಿಡಬೇಕೆಂಬ ನಿಯಮವಿತ್ತು. ನಿಯಮ ಇರದಿದ್ದರೂ ಗದಗ ಪ್ಯಾಸೆಂಜರು ನನಗಾಗಿ ಕಾಯುತ್ತಿರಲಿಲ್ಲ. ಹೀಗಾಗಿ ನಾನು ಡಬ್ಬಿ ಇಟ್ಟು ಬರುವವರ ಸಾಲಿಗೇ ಸೇರಿದೆ.

ಇನ್ನೊಂದು ತೊಂದರೆಯಿತ್ತು. ವಿದ್ಯಾರ್ಥಿಗಳ ಜಾಬ್ ಗೊತ್ತುಪಡಿಸಿದ ಹೊತ್ತಿಗಿಂತ ಹೆಚ್ಚು ಓಡಿದರೆ ಯಂತ್ರ ಅದನ್ನು ಕತ್ತು ಹಿಡಿದು ಹೊರಗೆ ಹಾಕುತ್ತಿತ್ತು. ನನ್ನದು ಉದ್ದನೆಯ ಲೆಕ್ಕ. ಗೈಡ್ ಒಂದು ಉಪಾಯ ಹೇಳಿದರು: "ಮೂರು ಭಾಗ ಮಾಡಿ ಹಾಕಿಬಿಡು. ಯಂತ್ರದೊಳಗೆ ಒಂದೇ ಹೊತ್ತಿಗೆ ಮೂರ್ನಾಲ್ಕು ಜಾಬ್ ಹಿಡಿಸುತ್ತವೆ, ಜೊತೆಜೊತೆಯಾಗಿ ಓಡುತ್ತವೆ." ನನಗೆ ಇದು ಬಹಳ ಚಂದ ಕಂಡಿತು. ಒಂದೇ ಒಲೆಯ ಮೂರು ಬಾಯಿಯ ಮೇಲೆ ಮೂರು ಪಾತ್ರೆ ಇಟ್ಟಂತೆ. ಊರಿಗೆ ಬಂದಾಗ ಅಪ್ಪನ ಶಾಲೆಯ ಹೆಡ್‌ಮಾಸ್ತರರು ಸ್ಟೇಷನ್ನಿನಲ್ಲಿ ಸಿಕ್ಕು, "ಏನವಾ, ಏನ ನಡಸೀ?" ಎಂದರು. "ಮೂರು ಜಾಬ್ ಹಾಕಿ ಬಂದೀನ್ರಿ" ಎಂದೆ. "ಅಡ್ಡಿಯಿಲ್ಲ, ಒಂದರೆ ಸಿಗತೈತಿ. ಸಿಕ್ಕ ಮ್ಯಾಲ ಫೇಡೆ ಕೊಡಾಕ ಮರೀಬ್ಯಾಡ" ಎಂದು ಹರಸಿ ಹೋದರು. ನಮ್ಮ ಕಡೆ ಜಾಬ್ ಎಂದರೆ ನೌಕರಿ. ತಿದ್ದಬೇಕೆಂದುಕೊಂಡೆ. ತಿದ್ದಿದರೆ ಇನ್ನೂ ನಾಲ್ಕು ಮಾತು ಆಡಬೇಕಾಗುತ್ತಿತ್ತು, ಸುಮ್ಮನಾದೆ. 

ಜಾಬಿನ ಗತಿ ಏನಾಯಿತೆಂದು ತಿಳಿಯಲು ಪ್ರತಿ ಸಲ ಧಾರವಾಡಕ್ಕೆ ಹೋಗಿಬರುವುದು ಆಗದ ಮಾತು. ಯಂತ್ರದ ಆಪರೇಟರ್ ಇಮಾಮಸಾಹೇಬರು ನವಲಗುಂದದವರು, ನಮ್ಮ ಕಡೆಯವರೆಂಬ ಅಭಿಮಾನ ಅವರಿಗೆ. "ಫೋನ್ ನಂಬರ್ ಕೊಟ್ಟು ಹೋಗ್ರಿ ಮೇಡಮ್ಮಾರ, ಮುಂಜಾನೆ ಒಂದ ಮಾತು ಹೇಳಿಬಿಡತೀನಿ" ಎಂದರು. ನಮ್ಮ ಓಣಿಗೆ ಇದ್ದದ್ದು ಒಂದೇ ಫೋನು, ನಮ್ಮ ಮನೆಯ ಎದುರಿನ ಮಲ್ಲಪ್ಪ ಕಾಕಾನ ಅಡತಿ ಅಂಗಡಿಯಲ್ಲಿ. ಕಾಕಾ ಕಾಳುಕಡಿಯ ದಲಾಲಿ. ಸಜ್ಜನ ಮನುಷ್ಯ. ಅವನ ಸಜ್ಜನಿಕೆಯೇ ನನಗೆ ಮುಳುವಾಯಿತು ಎಂಬುದನ್ನು ವಿವರವಾಗಿ ಹೇಳಬೇಕು.

ಹುಬ್ಬಳ್ಳಿಯಿಂದ ಕಡಲೆಯ ಧಾರಣೆ ಫೋನಿನಲ್ಲಿ ಬರುತ್ತದೆ. ಅದನ್ನು ದಲಾಲಿ ಒಬ್ಬನೇ ಕೇಳಿಸಿಕೊಂಡು, ಆಮೇಲೆ ಅಂಗಡಿಯಲ್ಲಿ ಕೂತ ರೈತರಿಗೆ ಬೇರೆಯೇ ಹೇಳಿದರೆ? ಆ ಸಂಶಯಕ್ಕೆ ಎಡೆಯಿರಬಾರದೆಂದು ಮಲ್ಲಪ್ಪ ಕಾಕಾ ಒಂದು ರೂಢಿ ಇಟ್ಟುಕೊಂಡಿದ್ದ. ಫೋನಿನಲ್ಲಿ ಏನು ಕೇಳುತ್ತದೋ ಅದನ್ನು ಅಲ್ಲಿಯೇ, ಆ ಗಳಿಗೆಯೇ, ಕಟ್ಟೆಯ ಮೇಲಿದ್ದ ಕಟ್ಟಕಡೆಯವನಿಗೂ ಕೇಳುವಂತೆ ಗಟ್ಟಿಯಾಗಿ ತಿರುಗಿ ಹೇಳುವುದು. ಇಪ್ಪತ್ತು ವರ್ಷ ಹೀಗೆ ಮಾಡಿ ಮಾಡಿ ಅವನಿಗೆ ಫೋನು ಹಿಡಿದರೆ ಬಾಯಿ ತಾನಾಗಿಯೇ ತೆರೆಯುತ್ತಿತ್ತು. ಊರಿನಲ್ಲಿ ಇವನಷ್ಟು ನಂಬಿಗಸ್ತ ದಲಾಲಿ ಇಲ್ಲ ಎಂದು ಹೆಸರಾಗಿದ್ದ. ಈಗಲೂ ಅದೇ ಹೆಸರಿದೆ. ಅವನು ಹೇಳಿದ್ದನ್ನು ಯಾರೂ ಸುಳ್ಳೆಂದುಕೊಳ್ಳುವುದಿಲ್ಲ.

ಸಂತೆಯ ದಿನ. ಅಂಗಡಿಯ ಕಟ್ಟೆಯ ಮೇಲೆ ಜನ ಕಿಕ್ಕಿರಿದಿದ್ದರು. ನಾನು ನಮ್ಮ ಮನೆಯ ಅಂಗಳದಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ. ಫೋನು ಬಾರಿಸಿತು. 

"ಹಲೋ! ಯಾರ್ರಿ? ಹಾಂ, ಧಾರವಾಡ! ಮಾಸ್ತರ ಮಗಳಿಗೆ ಹೇಳಬೇಕೇನ್ರಿ? ಹೇಳ್ರಿ, ಹೇಳತೀನಿ… ಏನಾತು? ಅಬಾರ್ಟ್? ಅಬಾರ್ಟ್ ಆತು!"

ಕಟ್ಟೆಯ ಮೇಲಿನ ಗದ್ದಲ ಒಮ್ಮೆಲೇ ನಿಂತಿತು. ನಮ್ಮ ಜನಕ್ಕೆ ಇಂಗ್ಲಿಷಿನ ಹತ್ತು ಶಬ್ದ ಬಾರದಿರಬಹುದು, ಆ ಶಬ್ದ ಬರುತ್ತದೆ. ಸರಕಾರಿ ದವಾಖಾನೆಯ ನರ್ಸಬಾಯಿ ಮನೆಮನೆಗೆ ಬಂದು ಕಲಿಸಿ ಹೋಗಿದ್ದಾಳೆ.

"ಒಂದ ಏನ್ರಿ?… ಮೂರೂ! ಮೂರೂ ಅಬಾರ್ಟ್ ಆತು! ಯಾಕಂತ್ರಿ?… ಹಾಂ… ಮೂರೂ ಕೂಡೇ ಇದ್ದದ್ದಕ್ಕ ಒಳಗ ಜಾಗಾ ಸಾಲಲಿಲ್ಲ!… ಯಾರ ತಪ್ಪು?… ಆಕಿದ ತಪ್ಪು! ಆತು, ಆತು. ಮತ್ತ ಬರಬೇಕಂತೇನ್ರಿ? ಲಗೂ ಬರಬೇಕು, ತಿಂಗಳ ದಾಟಿದ್ರ ಏನೂ ಮಾಡಾಕ ಬರೂದಿಲ್ಲ! ತಿಂಗಳ ದಾಟಬಾರದು! ಹೇಳತೀನ್ರಿ, ನಮಸ್ಕಾರ್ರಿ."

ಒಂದೊಂದು ಮಾತೂ ನಿಜ. ನಾನು ಪ್ರತಿಯೊಂದು ಜಾಬಿನ ಮೇಲಿನ ಕಾರ್ಡಿನಲ್ಲಿಯೂ ಇಡೀ ಯಂತ್ರದ ಜಾಗ ಬೇಕೆಂದು ಕೇಳಿಬಿಟ್ಟಿದ್ದೆ. ಮೂರೂ ಜೊತೆಗೆ ಹೋದಾಗ ಒಂದಕ್ಕೂ ಜಾಗ ಸಾಲದೆ ಯಂತ್ರ ಮೂರನ್ನೂ ತಳ್ಳಿಹಾಕಿತ್ತು. ತಿಂಗಳು ದಾಟಿದರೆ ಯಂತ್ರ ಪೂರ್ತಿ ಪರೀಕ್ಷೆಯ ಫಲಿತಾಂಶಕ್ಕೆ ಹೋಗುತ್ತಿತ್ತು, ಹೊರಗಿನ ಜಾಬ್ ತೆಗೆದುಕೊಳ್ಳುತ್ತಿರಲಿಲ್ಲ. ಅಷ್ಟರೊಳಗೆ ಲೆಕ್ಕ ಮುಗಿಯದಿದ್ದರೆ ನನ್ನ ಫೆಲೋಶಿಪ್ ನಿಂತು ಹೋಗುವುದಿತ್ತು, ಅದರ ಹಿಂದೆಯೇ ಪಿಎಚ್.ಡಿ.ಯೂ. ಇಮಾಮಸಾಹೇಬರು ಪಾಪ, ಇದನ್ನೇ ಕಳಕಳಿಯಿಂದ ಹೇಳಿದ್ದರು. ಕಾಕಾ ಅಕ್ಷರ ತಪ್ಪದೆ ತಿರುಗಿ ಹೇಳಿದ್ದ. ಒಳಗೆ ಜಾಗ ಸಾಲಲಿಲ್ಲ ಎಂಬ ಮಾತಿಗೆ ಕಟ್ಟೆಯ ಮೇಲಿನ ಮುದುಕನೊಬ್ಬ "ಹ್ಯಾಂಗ ಸಾಲಬೇಕಪಾ" ಎಂದು ತಲೆಯಾಡಿಸಿದ್ದು ನನಗೆ ನಮ್ಮ ಅಂಗಳದಿಂದಲೇ ಕಂಡಿತು.

ಮಧ್ಯಾಹ್ನದ ಹೊತ್ತಿಗೆ ಶಾಂತವ್ವ ಹಿತ್ತಲ ಬಾಗಿಲಿನಿಂದ ಬಂದಳು. ಸೆರಗಿನಡಿ ಒಂದು ಡಬ್ಬಿ. ತೆರೆದರೆ ಅಂಟಿನ ಉಂಡಿ. ಬಾಣಂತಿಯರಿಗೆ ಸೊಂಟ ಗಟ್ಟಿಯಾಗಲೆಂದು ಮಾಡಿ ಕೊಡುವ ಉಂಡಿ ಅದು. ಅವಳು ಏನೂ ಕೇಳಲಿಲ್ಲ. ನನ್ನ ಗಲ್ಲ ಸವರಿ, "ತಿನ್ನವಾ, ಸೋತೀ" ಎಂದಳು. ಆಡಿಕೊಂಡು ನಗುವವರನ್ನು ಎದುರಿಸಬಹುದು. ಏನೂ ಕೇಳದೆ ಕರುಣೆ ತೋರಿಸುವವರ ಮುಂದೆ ಏನು ಹೇಳಬೇಕು? ನಾನು ಬಾಯಿ ತೆರೆಯುವುದರೊಳಗೆ ಅವಳು ಬೆರಳನ್ನು ತುಟಿಯ ಮೇಲಿಟ್ಟು, "ನಾ ಯಾರ ಮುಂದ ಆಡಾಕಿ?" ಎಂದು ಹೋದಳು. ಹೊರಗೆ ನಾಲ್ಕು ಹೆಂಗಸರು ಅವಳಿಗಾಗಿ ಕಾದು ನಿಂತಿದ್ದರು. ಉಂಡಿ ಮಾತ್ರ ರುಚಿಯಾಗಿತ್ತು. ಸಿಟ್ಟಿನಲ್ಲಿ ಎರಡು ತಿಂದೆ. ಅವ್ವ ಅದನ್ನು ನೋಡಿದಳು, ನೋಡಿ ಅಡಿಗೆಮನೆಗೆ ಹೋಗಿ ಅಳತೊಡಗಿದಳು. 

ಅಪ್ಪ ಸಂಜೆ ಬಂದವರೇ ಕಪಾಟಿನಿಂದ ಶಬ್ದಕೋಶ ತೆಗೆದರು. ಇಂಗ್ಲಿಷ್ ಮಾಸ್ತರರು, ಯಾವ ಶಬ್ದವನ್ನೂ ಜನರ ಬಾಯಿಯಿಂದ ನಂಬುವವರಲ್ಲ. ಪುಟ ತಿರುವಿದರು, ಬೆರಳಿಟ್ಟರು, ಓದಿದರು. ಮೊದಲನೆಯ ಅರ್ಥ ಓದಿ ಪುಸ್ತಕ ಮುಚ್ಚಿದರು. ಎರಡನೆಯ ಅರ್ಥ ಅದರ ಕೆಳಗಿನ ಸಾಲಿನಲ್ಲಿಯೇ ಇತ್ತು. 

"ನಾಳಿಂದ ಧಾರವಾಡ ಬ್ಯಾಡ" ಎಂದರು.

"ಅಪ್ಪಾ, ಅದು ಮಷೀನಿನ ಮಾತು. ನನ್ನ ಲೆಕ್ಕ ನಡುವ ನಿಂತೈತಿ ಅಂತ ಅರ್ಥ."

"ನಿಂತೈತೋ, ಹೋಗೈತೋ?" ಎಂದು ಅಡಿಗೆಮನೆಯಿಂದ ಅವ್ವನ ದನಿ ಬಂತು. 

ಆ ಕ್ಷಣದಲ್ಲಿ ನನಗೆ ಹೊಳೆದದ್ದು ಇದು: ಇಷ್ಟು ವರ್ಷ ಯಾರಿಗೂ ಏನೂ ಹೇಳದೆ ಬದುಕಿದವಳು ಒಂದು ದಿನ ನಿಜ ಹೇಳಿದರೆ, ಅದು ಬಚ್ಚಿಡುವವಳ ದನಿಯಾಗಿಯೇ ಕೇಳುತ್ತದೆ. "ನೀವ ಬರ್ರಿ" ಎಂದೆ. "ನನ್ನ ಜೋಡಿ ಬಂದು, ಕಣ್ಣಾರೆ ನೋಡ್ರಿ. ಆಮ್ಯಾಲ ಬ್ಯಾಡ ಅಂದ್ರ ಬಿಡತೀನಿ."

ಮಲ್ಲಪ್ಪ ಕಾಕಾನೂ ಹೊರಟ. "ಕೇಳಿದಾಂವ ನಾನು, ಸಾಕ್ಷಿ ನಾನು. ನಾ ಬರದಿದ್ರ ಹ್ಯಾಂಗ ಮಾಸ್ತರ?" ಎಂದು ಸಂತೆಯ ಮರುದಿನದ ವ್ಯಾಪಾರ ಬಿಟ್ಟು ರೈಲು ಹತ್ತಿದ. ಹುಬ್ಬಳ್ಳಿಯವರೆಗೆ ಅಪ್ಪ ಕಿಟಕಿಯ ಹೊರಗೆ ನೋಡಿದರು. ಕಾಕಾ ರೈಲಿನ ಡಬ್ಬಿಯಲ್ಲಿದ್ದವರಿಗೆಲ್ಲ, "ಮಾಸ್ತರ ಮಗಳದು ಒಂದೀಟು ತ್ರಾಸ ಆಗೈತಿ, ಧಾರವಾಡಕ್ಕ ಹೊಂಟೀವಿ" ಎಂದು ನಂಬಿಗಸ್ತನಾಗಿ ತಿಳಿಸಿದ. 

ಕಂಪ್ಯೂಟರ್ ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಧೂಳು ಯಂತ್ರಕ್ಕೆ ಆಗುವುದಿಲ್ಲ. ಚಪ್ಪಲಿ ಬಿಟ್ಟ ಮೇಲೆ ಕಾಕಾ ರೂಢಿಯಂತೆ ಕೈಯನ್ನೂ ಮುಗಿದ. ಒಳಗಿನ ತಂಪಿಗೆ ಹೆಗಲ ಮೇಲಿನ ಟವಲು ಕಿವಿಗೆ ಸುತ್ತಿಕೊಂಡ. ಇಮಾಮಸಾಹೇಬರು ವಿಷಯ ಕೇಳಿ, ನಗಬೇಕೋ ನೆಲದೊಳಗೆ ಇಳಿದು ಹೋಗಬೇಕೋ ತಿಳಿಯದೆ, "ತೋಬಾ ತೋಬಾ" ಎಂದು ಗಲ್ಲ ತಟ್ಟಿಕೊಂಡರು. ಯಂತ್ರ ಅಚ್ಚು ಹಾಕಿದ ಕಾಗದ ತಂದು ಅಪ್ಪನ ಮುಂದೆ ಹಾಸಿದರು. ಮೇಲೆ ನನ್ನ ಹೆಸರು, ಕೆಳಗೆ ದೊಡ್ಡಕ್ಷರದಲ್ಲಿ ಮೂರು ಸಲ ಆ ಸಾಲು. ಅಪ್ಪ ಮೂರನ್ನೂ ಓದಿದರು. ಅವರ ಹೆಗಲು ಸ್ವಲ್ಪ ಇಳಿಯಿತು. ನನ್ನ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಇಮಾಮಸಾಹೇಬರನ್ನೇ ಕೇಳಿದರು:

"ಇದನ್ನ ಕನ್ನಡದಾಗ ಹೇಳಾಕ ಬರೂದಿಲ್ಲೇನ್ರಿ?"

"ಬರತೈತ್ರಿ ಸರ. ಜಾಬ್ ಕೆಟ್ಟೈತಿ ಅಂತ ಹೇಳಬಹುದು."

"ಹುಡುಗಿ ಹೆಸರಿನ ಬಾಜೂಕ ಕೆಟ್ಟೈತಿ ಅನ್ನೂದು ಬ್ಯಾಡ್ರಿ" ಎಂದ ಕಾಕಾ. "ನಿಂತೈತಿ ಅನ್ರಿ."

"ನಿಂತೈತಿ ಅಂದ್ರ ಇನ್ನೂ ಕಠಿಣ ಆಗತೈತಲ್ಲೋ ಮಲ್ಲಪ್ಪಾ" ಎಂದರು ಅಪ್ಪ.

"ಹೌದ ಬಿಡ್ರಿ. ಹಂಗಾರ ಬಿದ್ದೈತಿ?"

ಅಪ್ಪ ಬೇಡವೆಂದು ಕೈ ಅಲ್ಲಾಡಿಸಿದರು.

"ಇಳದೈತಿ?" ಎಂದು ಇಮಾಮಸಾಹೇಬರು ಅಂಜುತ್ತ ಕೇಳಿದರು. 

ಮೂವರು ಗಂಡಸರು ಆ ತಣ್ಣನೆಯ ಕೋಣೆಯಲ್ಲಿ ನಿಂತು ಕನ್ನಡದ ಕ್ರಿಯಾಪದಗಳನ್ನು ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟರು. ಕೆಟ್ಟಿತು, ನಿಂತಿತು, ಬಿತ್ತು, ಇಳಿಯಿತು, ಹೋಯಿತು. ಹೆಣ್ಣಿನ ಪಕ್ಕ ಇಟ್ಟರೆ ಸುಮ್ಮನೆ ಕೂಡುವ ಕ್ರಿಯಾಪದ ಒಂದೂ ಸಿಗಲಿಲ್ಲ. ನಾನು ಅಲ್ಲಿಯೇ ಇದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಅವ್ವನ ಗಿರಣಿಯೇ ಕೈ ಹಿಡಿಯಿತು. ಜಾಬ್ ಕೆಟ್ಟರೆ 'ಬೆಲ್ಟ್ ಹರೀತು', ಸರಿ ಹೋದರೆ 'ಹಿಟ್ಟು ಆತು'. ಮೂವರೂ ಒಪ್ಪಿದರು. ನನಗೆ ಧಾರವಾಡಕ್ಕೆ ಹೋಗಲು ತಿಂಗಳ ಕೊನೆಯವರೆಗೆ ಅನುಮತಿ ಸಿಕ್ಕಿತು. 

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅಪ್ಪ ಹೊರಡುವ ಮುಂಚೆ, "ಆ ಹಾಳಿ ಕೊಡ್ರಿ, ಶಿಕ್ಕಾ ಹೊಡೆದು ಕೊಡ್ರಿ" ಎಂದರು. ಮಗಳ ಮೇಲಿನ ಅಪವಾದವನ್ನು ದಾಖಲೆ ಸಮೇತ ಅಳಿಸಬೇಕೆಂಬುದು ಅವರ ಆಸೆ. ಮರುದಿನದಿಂದ ಅಂಗಿಯ ಕಿಸೆಯಲ್ಲಿ ಅದನ್ನು ಇಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ಬಿಚ್ಚಿ ತೋರಿಸಿದರು. ಸುದ್ದಿ ಕೇಳದಿದ್ದವರು ಹಾಗೆ ಕೇಳಿದರು. ಸುದ್ದಿ ನಂಬದಿದ್ದವರು ಹಾಗೆ ನಂಬಿದರು. ನನ್ನ ಹೆಸರು, ಅದರ ಕೆಳಗೆ ಮೂರು ಸಲ ಆ ಶಬ್ದ, ಅದರ ಮೇಲೆ ದುಂಡನೆಯ ನೇರಳೆ ಶಿಕ್ಕಾ. "ಖರೇನ ಐತಿ ಬಿಡು, ಸರಕಾರದವರ ಬರದುಕೊಟ್ಟಾರ" ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. 

ಕಾರ್ಡಿನ ತಪ್ಪು ತಿದ್ದಿ ಮೂರೂ ಜಾಬನ್ನು ಮತ್ತೆ ಪಾಳಿಗೆ ಹಚ್ಚಿದೆ. ತಿಂಗಳು ಮುಗಿಯುತ್ತ ಬಂದಿತ್ತು. ಇನ್ನೊಂದು ಸಲ ಬೆಲ್ಟ್ ಹರಿದರೆ ನನ್ನ ಓದಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಬೆಳಿಗ್ಗೆ ನಾನು ಬಾಗಿಲ ಸಂದಿಯಲ್ಲಿ ನಿಂತು ಎದುರಿನ ಅಂಗಡಿಯನ್ನೇ ನೋಡುತ್ತಿದ್ದೆ. ಫೋನು ಬಾರಿಸಿತು. ಇಮಾಮಸಾಹೇಬರು ಸಂತೋಷದಲ್ಲಿ ಹಿಟ್ಟು, ಬೆಲ್ಟು ಎಲ್ಲ ಮರೆತಿದ್ದರು. ಕಾಕಾ ಮರೆತಿರಲಿಲ್ಲ ಎಂದು ಕಾಣುತ್ತದೆ. ಅವನು ಒಂದು ಕ್ಷಣ ತಡವರಿಸಿದ. ಆದರೆ ಇಪ್ಪತ್ತು ವರ್ಷದ ರೂಢಿ.

"ಮೂರೂ ಸುಸೂತ್ರ ಹೊರಗ ಬಂದಾವಂತ!"

ಕಟ್ಟೆಯ ಮೇಲಿದ್ದ ಅದೇ ಮುದುಕ ಆಕಾಶಕ್ಕೆ ಕೈ ಮುಗಿದ. ಅವ್ವ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಶಾಂತವ್ವ ಮತ್ತೆ ಅಂಟಿನ ಉಂಡಿ ತಂದಳು, ಈ ಸಲ ಮುಂಬಾಗಿಲಿನಿಂದ.

ಪಿಎಚ್.ಡಿ. ಮುಗಿಯಿತು. ನೆಮ್ಮದಿಯಾಗಿ ಮುಗಿಯಿತು ಎಂದೇ ಹೇಳಬೇಕು, ಏಕೆಂದರೆ ಆ ವರ್ಷಗಳಲ್ಲಿ ಹೆಣ್ಣು ನೋಡಲೆಂದು ಒಬ್ಬರೂ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮೊದಲು ತಿಂಗಳಿಗೊಂದು ಸಲ ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಲ್ಲಬೇಕಾಗಿತ್ತು. ಆ ತಲೆಯನ್ನೆಲ್ಲ ಲೆಕ್ಕಕ್ಕೆ ಬಳಸಿಕೊಂಡೆ. ಪ್ರಬಂಧದ ಮೊದಲ ಪುಟದಲ್ಲಿ ಗೈಡನ್ನು, ಕೇಂದ್ರವನ್ನು, ತಂದೆತಾಯಿಯನ್ನು ನೆನೆದೆ. ಮಲ್ಲಪ್ಪ ಕಾಕಾನ ಫೋನನ್ನು ನೆನೆಯಲು ನನ್ನ ಸ್ವಭಾವ ಒಪ್ಪಲಿಲ್ಲ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಅಪ್ಪ ಬಾಗಿಲಿಗೆ ನನ್ನ ಹೆಸರಿನ ಹಲಗೆ ಹಾಕಿಸಿದರು, ಹೆಸರಿನ ಮೊದಲಿಗೆ 'ಡಾ.' ಎಂದು ಬರೆಸಿ. ಬೇಡವೆಂದೆ. ಮಗಳ ಹೆಸರು ಶುದ್ಧವಾಗಿದೆ ಎಂಬುದಕ್ಕೆ ಅದು ಅವರ ಎರಡನೆಯ ಶಿಕ್ಕಾ. ಅಳಿಸಲಾಗಲಿಲ್ಲ.

ಹಲಗೆ ಹಾಕಿದ ಮೇಲೆ ಒಂದು ಮುಸ್ಸಂಜೆ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಗುರುತಿಲ್ಲದ ಹೆಂಗಸು. ಹತ್ತಿರದ ಹಳ್ಳಿಯವಳಂತೆ. ಸೆರಗನ್ನು ಮುಖದ ಮುಂದೆ ಎಳೆದುಕೊಂಡು, "ಡಾಕ್ಟರ್ ಅಕ್ಕಾರು ನೀವ ಏನ್ರಿ?" ಎಂದಳು.

"ಹೌದು, ಆದರ…"

"ಮೊದಲ ನಾಕು ಅದಾವ್ರಿ. ಐದನೇದ್ದು ಬ್ಯಾಡಾಗೇತ್ರಿ. ಮನ್ಯಾಗ ಗೊತ್ತಾದ್ರ ಬಿಡೂದಿಲ್ಲ. ನಿಮ್ಮ ಕಡೆ ಆಗತೈತಿ ಅಂತ ಸಂತ್ಯಾಗ ಅಂದ್ರು."

ನಾನು ಬಾಗಿಲು ಹಿಡಿದು ನಿಂತೆ. ಇಷ್ಟು ವರ್ಷಗಳಲ್ಲಿ ಆ ಮಾತು ಎಲ್ಲೆಲ್ಲಿ ತಿರುಗಿ, ಎಷ್ಟು ಬಾಯಿ ದಾಟಿ, ಯಾವ ರೂಪ ತಾಳಿ ಮನೆಗೆ ಮರಳಿತ್ತು! ನಾನು ಆ ಡಾಕ್ಟರ್ ಅಲ್ಲ, ಲೆಕ್ಕದ ಡಾಕ್ಟರ್ ಎಂದೆ. ಅವಳು ನಂಬಲಿಲ್ಲ, ಲೆಕ್ಕಕ್ಕೆ ಯಾವ ರೋಗ ಬರುತ್ತದೆ ಎಂಬಂತೆ ನೋಡಿದಳು. ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಬಾ, ಹುಬ್ಬಳ್ಳಿಯ ಲೇಡಿ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಬಂದಳು. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತದ್ದನ್ನು ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ನೋಡಿದರು. ನೋಡಲಿ ಎಂದುಕೊಂಡೆ. 

ರೈಲಿನಲ್ಲಿ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಹಂಗಾರ ಮಂದಿ ಅನ್ನೂದೆಲ್ಲ ಸುಳ್ಳೇನ್ರಿ ಅಕ್ಕಾರ?"

ನನಗೆ ಮೊದಲಿನಿಂದಲೂ ಒಂದು ರೋಗ. ಯಾರಾದರೂ ನೇರವಾಗಿ ಕೇಳಿದರೆ ಉತ್ತರ ಕರಾರುವಾಕ್ಕಾಗಿರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಪೂರಾ ಸುಳ್ಳಲ್ಲ. ಮೂರು ಅಬಾರ್ಟ್ ಆಗಿದ್ದು ಖರೆ. ತಪ್ಪು ನಂದ ಇತ್ತು" ಎಂದೆ. 

ಅವಳು ನನ್ನ ಮುಖವನ್ನು ನೋಡುತ್ತ ಕೂತಳು. ಬೆರಳಿಗೆ ಸುತ್ತಿದ ಸೆರಗನ್ನು ಬಿಟ್ಟಳು. ಆ ಕೈಯಿಂದ ನನ್ನ ಕೈ ಹಿಡಿದು, ಮೆಲ್ಲಗೆ ಒತ್ತಿ, "ಪಾಪ, ಅಕ್ಕಾರ" ಎಂದಳು. "ನನ್ನ ಮ್ಯಾಲ ಆಣಿ, ನಾ ಯಾರ ಮುಂದೂ ಹೇಳೂದಿಲ್ರಿ."

ಹುಬ್ಬಳ್ಳಿಯವರೆಗೆ ಅವಳು ನನ್ನ ಕೈ ಬಿಡಲಿಲ್ಲ. ಕಾಲೇಜಿನಲ್ಲಿ ದಿನವೂ ಬೇರೆಯವರ ತಪ್ಪು ತಿದ್ದಿ ಪಗಾರ ತೆಗೆದುಕೊಳ್ಳುವವಳು ನಾನು. ಆ ಒಂದನ್ನು ತಿದ್ದಲಿಲ್ಲ. ಹುಟ್ಟಿದಾಗಿನಿಂದ ಈ ಸೀಮೆಯಲ್ಲಿ ನನ್ನ ಗುಟ್ಟನ್ನು ನಿಜವಾಗಿಯೂ ಕಾಯ್ದುಕೊಳ್ಳುತ್ತೇನೆ ಎಂದವಳು ಅವಳೊಬ್ಬಳೇ. ಅದೂ, ನನ್ನಲ್ಲಿ ಇಲ್ಲದ ಗುಟ್ಟನ್ನು.